ಅದೃಷ್ಟದ ಏರಿಳಿತವೂ ಪಣದ ಗಣಿತವೂ

೧೯೬೧ರ ವಸಂತದ ರಜೆಯಲ್ಲಿ ಅಮೆರಿಕದ ನೆವಾಡ ಸಂಸ್ಥಾನದ ಜೂಜುಗೃಹವೊಂದಕ್ಕೆ ಇಪ್ಪತ್ತೆಂಟು ವರ್ಷ ವಯಸ್ಸಿನ ಗಣಿತದ ಅಧ್ಯಾಪಕರೊಬ್ಬರು ಬಂದರು. ಅವರ ಹೆಸರು ಎಡ್ವರ್ಡ್ ಥಾರ್ಪ್. ಕೆಲಸ ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ. ಕೈಯಲ್ಲಿ ಹತ್ತು ಸಾವಿರ ಡಾಲರುಗಳಿದ್ದುವು. ಆ ಹಣ ಅವರದಲ್ಲ. ಅವರ ಲೆಕ್ಕಾಚಾರವನ್ನು ನಂಬಿದ ಇಬ್ಬರು ಧನಿಕರದು. ಧನಿಕರು ಒಂದು ಲಕ್ಷ ಡಾಲರು ಒದಗಿಸಲು ಸಿದ್ಧರಿದ್ದರು. ಹತ್ತು ಸಾವಿರವೇ ಸಾಕೆಂದು ಥಾರ್ಪರು ತಡೆದಿದ್ದರು. ಇಷ್ಟು ಬಂಡವಾಳವಿಟ್ಟುಕೊಂಡು ಮೇಜಿನ ಮುಂದೆ ಕುಳಿತ ಈ ವಿದ್ವಾಂಸರು ಮೊದಮೊದಲು ಒಡ್ಡಿದ ಪಣವೆಷ್ಟು? ಒಂದು ಡಾಲರು, ಹೆಚ್ಚೆಂದರೆ ಹತ್ತು ಡಾಲರು. ಕೈ ಪಳಗಿದ ಮೇಲಷ್ಟೇ ಐವತ್ತರಿಂದ ಐನೂರರವರೆಗಿನ ಪಣಗಳಿಗೆ ಏರಿದರು.

ಗೆಲ್ಲುವ ವಿದ್ಯೆ ತನಗೆ ತಿಳಿದಿದೆಯೆಂದು ನಂಬಿದವನು ಇಷ್ಟು ಜಿಪುಣತನವನ್ನೇಕೆ ತೋರಬೇಕು? ಹತ್ತು ಸಾವಿರವನ್ನೂ ಒಂದೇ ಆಟಕ್ಕೆ ಒಡ್ಡಿ, ಇಪ್ಪತ್ತು ಸಾವಿರ ಮಾಡಿಕೊಂಡು ಮನೆಗೆ ಹೋಗಬಾರದೆ? ಬಾಲಿಶವೆಂದು ತೋರಬಹುದಾದ ಈ ಪ್ರಶ್ನೆಗೆ ಪರಿಷ್ಕಾರವಾದ ಉತ್ತರ ದೊರೆತುದು ೧೯೫೬ರಲ್ಲಿ. ಅದೂ ಜೂಜುಗೃಹದಲ್ಲಲ್ಲ, ದೂರವಾಣಿಯ ಸಂಶೋಧನಾಲಯವೊಂದರಲ್ಲಿ. ಅಲ್ಲಿಗೆ ಹೋಗುವ ಮೊದಲು ಆಟವನ್ನು ಸ್ವಲ್ಪ ಪರಿಚಯ ಮಾಡಿಕೊಳ್ಳೋಣ.

ನೆನಪುಳ್ಳ ಆಟ

ಬ್ಲ್ಯಾಕ್‌ಜ್ಯಾಕ್ ಅಥವಾ ‘ಇಪ್ಪತ್ತೊಂದು’ ಎಂಬ ಈ ಇಸ್ಪೀಟಿನ ಆಟದಲ್ಲಿ ಆಟಗಾರನಿಗೆ ಎದುರಾಳಿಯೆಂದರೆ ಜೂಜುಗೃಹದ ಪರವಾಗಿ ಎಲೆ ಹಂಚುವವನು ಮಾತ್ರ. ಎರಡರಿಂದ ಹತ್ತರವರೆಗಿನ ಎಲೆಗಳಿಗೆ ಅವುಗಳ ಸಂಖ್ಯೆಯೇ ಬೆಲೆ. ರಾಜ, ರಾಣಿ, ಗುಲಾಮರಿಗೆ ತಲಾ ಹತ್ತು. ಎಕ್ಕವನ್ನು ಒಂದೆಂದಾದರೂ ಹನ್ನೊಂದೆಂದಾದರೂ ಎಣಿಸಬಹುದು. ಆಟಗಾರನು ಮೊದಲು ಪಣವಿಡಬೇಕು. ಬಳಿಕ ಇಬ್ಬರಿಗೂ ಎರಡೆರಡು ಎಲೆ; ಹಂಚುವವನ ಎಲೆಗಳಲ್ಲಿ ಒಂದು ಮಾತ್ರ ಎಲ್ಲರಿಗೂ ಕಾಣುವಂತಿರುತ್ತದೆ. ಆಟಗಾರನು ಬೇಕಾದಷ್ಟು ಎಲೆಗಳನ್ನು ಒಂದೊಂದಾಗಿ ಕೇಳಿ ಪಡೆಯಬಹುದು. ಮೊತ್ತ ೨೧ನ್ನು ಮೀರಿತೋ, ಆ ಕ್ಷಣವೇ ಪಣ ಹೋಯಿತು. ಅವನು ಸಾಕೆಂದ ಮೇಲೆ ಹಂಚುವವನ ಸರದಿ. ಈತನಿಗೆ ಸ್ವಂತ ಬುದ್ಧಿಯನ್ನು ಉಪಯೋಗಿಸುವ ಸ್ವಾತಂತ್ರ್ಯವಿಲ್ಲ: ಮೊತ್ತ ೧೬ ಅಥವಾ ಅದಕ್ಕೂ ಕಡಮೆಯಿದ್ದರೆ ಎಲೆ ತೆಗೆಯಲೇಬೇಕು, ೧೭ ಮುಟ್ಟಿದರೆ ನಿಲ್ಲಬೇಕು. ೨೧ಕ್ಕೆ ಹೆಚ್ಚು ಸಮೀಪವಿದ್ದವನು ಗೆದ್ದಂತೆ. ಮೊದಲ ಎರಡೆಲೆಗಳಲ್ಲೇ ಎಕ್ಕವೂ ಹತ್ತರ ಬೆಲೆಯ ಎಲೆಯೂ ಆಟಗಾರನಿಗೆ ಬಂದರೆ ಅದೇ ‘ಬ್ಲ್ಯಾಕ್‌ಜ್ಯಾಕ್’. ಅದಕ್ಕೆ ಪಣದ ಒಂದೂವರೆಯಷ್ಟು ಹಣ ಸಲ್ಲುತ್ತದೆ. ಅನುಕೂಲ ಕಂಡಾಗ ಪಣವನ್ನು ಇಮ್ಮಡಿಸಿ ಇನ್ನೊಂದೇ ಎಲೆ ಪಡೆಯುವ ಹಕ್ಕು, ಜೋಡಿ ಬಂದ ಎಲೆಗಳನ್ನು ಒಡೆದು ಎರಡು ಆಟ ಮಾಡಿಕೊಳ್ಳುವ ಹಕ್ಕು, ಇವೂ ಆಟಗಾರನಿಗುಂಟು.

ಸೌಲಭ್ಯವೆಲ್ಲ ಆಟಗಾರನದೇ ಎಂದು ತೋರುತ್ತದೆಯಲ್ಲವೆ? ಜೂಜುಗೃಹದ ಬಲವೆಲ್ಲ ಒಂದು ಸಣ್ಣ ಸಂಗತಿಯಲ್ಲಿ ಅಡಗಿದೆ. ಇಬ್ಬರೂ ೨೧ನ್ನು ಮೀರುವ ಸಂದರ್ಭದಲ್ಲಿ, ಮೊದಲು ಮೀರಿದ ಆಟಗಾರನ ಹಣ ಆಗಲೇ ಹೋಗಿರುತ್ತದೆ.

ಈ ಆಟವನ್ನು ಆಡುವ ಅತ್ಯುತ್ತಮ ಕ್ರಮ ಯಾವುದೆಂಬುದನ್ನು ಮೊದಲು ಸಮರ್ಪಕವಾಗಿ ಲೆಕ್ಕ ಹಾಕಿದವರು ಅಮೆರಿಕದ ಸೇನೆಯ ಆಬರ್ಡೀನ್ ಪರೀಕ್ಷಾಕೇಂದ್ರದಲ್ಲಿದ್ದ ಬಾಲ್ಡ್‌ವಿನ್, ಕ್ಯಾಂಟಿ, ಮೈಸೆಲ್, ಮ್ಯಾಕ್‌ಡರ್ಮಟ್ ಎಂಬ ನಾಲ್ವರು. ಮೇಜಿನ ಮೇಲಿಟ್ಟುಕೊಳ್ಳುವ ಸಾಧಾರಣ ಲೆಕ್ಕದ ಯಂತ್ರಗಳ ಸಹಾಯದಿಂದಲೇ ಈ ಕೆಲಸವನ್ನು ಮುಗಿಸಿ ೧೯೫೬ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರ ಕ್ರಮದಂತೆ ಆಡಿದರೆ ಜೂಜುಗೃಹದ ಲಾಭ ನೂರಕ್ಕೆ ಒಂದಕ್ಕಿಂತ ಕೆಳಗಿಳಿಯುತ್ತದೆ, ಆದರೆ ಅಳಿಯುವುದಿಲ್ಲ. ಥಾರ್ಪರು ೧೯೫೮ರ ಡಿಸೆಂಬರಿನಲ್ಲಿ ಇದೇ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಲಾಸ್ ವೇಗಸ್ಸಿನಲ್ಲಿ ಹತ್ತು ಡಾಲರಿಟ್ಟು ಆಡಿ, ಅದರ ಬಹುಭಾಗವನ್ನು ಕಳೆದುಕೊಂಡೇ ಎದ್ದರು. ಆದರೆ ಎದ್ದಾಗ ಅವರ ತಲೆಯಲ್ಲಿ ಒಂದು ವಿಚಾರವಿತ್ತು.

ನಾಣ್ಯಕ್ಕೆ ನೆನಪಿಲ್ಲ. ಹತ್ತು ಸಲ ತಲೆ ಬಿದ್ದ ಮೇಲೂ ಹನ್ನೊಂದನೆಯ ಸಲ ತಲೆ ಬೀಳುವ ಸಂಭವ ಅರ್ಧವೇ. ದಾಳಕ್ಕೂ ಹಾಗೆಯೇ. ಇಸ್ಪೀಟಿನ ಕಟ್ಟಿನ ವಿಷಯ ಬೇರೆ. ಕಟ್ಟಿನಿಂದ ನಾಲ್ಕು ಎಕ್ಕಗಳೂ ಹೊರಬಿದ್ದುವೆನ್ನಿ. ಮತ್ತೆ ಕಲಸುವವರೆಗೆ ಬ್ಲ್ಯಾಕ್‌ಜ್ಯಾಕ್ ಯಾರಿಗೂ ಬರಲಾರದು. ಕಳೆದುಹೋದ ಆಟಗಳು ಬರಲಿರುವ ಆಟಗಳನ್ನು ಬದಲಿಸುತ್ತವೆ. ಹಾಗಿದ್ದರೆ ಹೊರಬಿದ್ದ ಎಲೆಗಳನ್ನು ಗಮನಿಸುವವನಿಗೆ, ಆಟ ತನಗೆ ಅನುಕೂಲವಾದ ಗಳಿಗೆ ತಿಳಿಯಬೇಡವೆ? ಐ. ಬಿ. ಎಂ. ೭೦೪ ಎಂಬ ಗಣಕಯಂತ್ರದ ಮುಂದೆ ಕುಳಿತು, ಕಟ್ಟಿನಿಂದ ಒಂದೊಂದು ಬಗೆಯ ಎಲೆಯನ್ನು ತೆಗೆದುಹಾಕಿದರೆ ಏನಾಗುವುದೆಂದು ಥಾರ್ಪರು ಲೆಕ್ಕ ಮಾಡಿಸಿದರು. ನಾಲ್ಕು ಐದರ ಎಲೆಗಳನ್ನು ತೆಗೆದರೆ ಸಾಕು, ಆಟ ತಿರುವುಮುರುವಾಗಿ ಆಟಗಾರನಿಗೇ ನೂರಕ್ಕೆ ಮೂರನ್ನು ಮೀರಿದ ಲಾಭ! ೧೯೬೧ರ ಜನವರಿಯಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ್ದ ಗಣಿತ ಸಂಘದ ಸಭೆಯಲ್ಲಿ ಈ ಫಲಿತಾಂಶವನ್ನು ಅವರು ಮಂಡಿಸಿದರು. ಮೇಲೆ ಹೇಳಿದ ಧನಿಕರು ಅವರನ್ನು ಹುಡುಕಿಕೊಂಡು ಬಂದುದು ಆ ಬಳಿಕ. ಮರುವರ್ಷ ಬಂದ ಅವರ ಪುಸ್ತಕದ ಹೆಸರು ‘ಬೀಟ್ ದಿ ಡೀಲರ್’.

ಸಣ್ಣ ಎಲೆಗಳು ಹೋದರೆ ಆಟಗಾರನಿಗೇಕೆ ಲಾಭ? ಕಟ್ಟಿನಲ್ಲಿ ಹತ್ತುಗಳೂ ಎಕ್ಕಗಳೂ ಹೆಚ್ಚಾಗಿ ಉಳಿದಾಗ ಬ್ಲ್ಯಾಕ್‌ಜ್ಯಾಕ್ ಇಬ್ಬರಿಗೂ ಹೆಚ್ಚಾಗಿಯೇ ಬರುತ್ತದೆ. ಆದರೆ ಒಂದೂವರೆಯಷ್ಟು ಹಣ ದೊರೆಯುವುದು ಆಟಗಾರನಿಗೆ ಮಾತ್ರ. ಮೇಲಾಗಿ, ಹನ್ನೆರಡರಿಂದ ಹದಿನಾರರವರೆಗಿನ ಅಪಾಯದ ಮೊತ್ತದಲ್ಲಿ ಆಟಗಾರನು ಸುಮ್ಮನೆ ನಿಲ್ಲಬಹುದು. ಹಂಚುವವನು ಕಟ್ಟಳೆಗೆ ಬದ್ಧನಾಗಿ ಇನ್ನೊಂದೆಲೆ ತೆಗೆದು ೨೧ನ್ನು ದಾಟಿ ಮುಳುಗುತ್ತಾನೆ. ಅಂಥವನನ್ನು ಐದರ ಎಲೆಯಷ್ಟು ಚೆನ್ನಾಗಿ ಕಾಪಾಡುವ ಎಲೆ ಮತ್ತೊಂದಿಲ್ಲ: ಹದಿನಾರಕ್ಕೆ ಐದು ಸೇರಿದರೆ ಇಪ್ಪತ್ತೊಂದೇ ಅಲ್ಲವೆ?

ಹಾರ್ವಿ ಡಬ್ನರ್ ಎಂಬವರು ಸೂಚಿಸಿದ, ೧೯೬೬ರಲ್ಲಿ ಥಾರ್ಪರ ಪುಸ್ತಕದ ಎರಡನೆಯ ಮುದ್ರಣದ ಮೂಲಕ ಪ್ರಚಾರಕ್ಕೆ ಬಂದ ಎಣಿಕೆ ತೀರ ಸುಲಭ. ೨, ೩, ೪, ೫, ೬ ಹೊರಬಿದ್ದಾಗ ಒಂದು ಕೂಡಿಸಿರಿ; ೧೦, ಗುಲಾಮ, ರಾಣಿ, ರಾಜ, ಎಕ್ಕ ಹೊರಬಿದ್ದಾಗ ಒಂದು ಕಳೆಯಿರಿ; ೭, ೮, ೯ಕ್ಕೆ ಏನೂ ಬೇಡ. ಕೂಡಿಸುವ ಎಲೆಗಳು ಇಪ್ಪತ್ತು, ಕಳೆಯುವುವೂ ಇಪ್ಪತ್ತು. ಆದುದರಿಂದ ಇಡೀ ಕಟ್ಟು ಮುಗಿದಾಗ ಎಣಿಕೆ ಸೊನ್ನೆಗೇ ಬರುತ್ತದೆ. ಐದು, ಮೂರು, ರಾಜ, ಒಂಬತ್ತು, ಎರಡು, ಆರು, ಎಕ್ಕ, ನಾಲ್ಕು ಎಂದು ಎಲೆಗಳು ಬಂದರೆ ಎಣಿಕೆ ಮೂರು. ಅನೇಕ ಕಟ್ಟುಗಳನ್ನು ಬೆರೆಸಿ ಆಡುವ ಕಡೆ, ಈ ಎಣಿಕೆಯನ್ನು ಇನ್ನೂ ಉಳಿದಿರುವ ಕಟ್ಟುಗಳ ಸಂಖ್ಯೆಯಿಂದ ಭಾಗಿಸಬೇಕು. ಎಣಿಕೆ ಒಂಬತ್ತಾಗಿದ್ದು ಮೂರು ಕಟ್ಟುಗಳು ಉಳಿದಿದ್ದರೆ ನಿಜವಾದ ಎಣಿಕೆ ಮೂರು. ನಿಜವಾದ ಎಣಿಕೆ ಒಂದು ಏರಿದರೆ ಆಟಗಾರನ ಸ್ಥಿತಿ ಸುಮಾರು ಶೇಕಡಾ ಅರ್ಧದಷ್ಟು ಸುಧಾರಿಸುತ್ತದೆ. ಆರಂಭದಲ್ಲಿ ಶೇಕಡಾ ಅರ್ಧ ಹಿಂದಿದ್ದವನು ಈಗ ಶೇಕಡಾ ಒಂದು ಮುಂದಿದ್ದಾನೆ.

ಮರದಲ್ಲಿರುವ ಎಲೆ ಕಾಯಿಗಳನ್ನು ರಥದಲ್ಲಿ ಕುಳಿತಂತೆಯೇ ಎಣಿಸಿ ಹೇಳಿದ ಋತುಪರ್ಣನ ಕಥೆ ನಮ್ಮ ವಾಚಕರಿಗೆ ನಳೋಪಾಖ್ಯಾನದಿಂದ ಪರಿಚಿತವೇ. ಆ ಮರ ತಾರೆಯ ಮರ. ಅದರ ಕಾಯಿಗಳೇ ಆ ಕಾಲದ ದಾಳಗಳು. ಎಣಿಕೆಯ ವಿದ್ಯೆಯೊಡನೆ ದ್ಯೂತದ ಹೃದಯವನ್ನೂ ಅರಿತ ಬಳಿಕವೇ ನಳನು ಕಳೆದ ರಾಜ್ಯವನ್ನು ಮರಳಿ ಗೆದ್ದನೆಂದು ಕಥೆ ಹೇಳುತ್ತದೆ. ಎಣಿಕೆಗೂ ಜೂಜಿಗೂ ಇರುವ ನಂಟು ನಮ್ಮವರಿಗೆ ಹೊಸದಲ್ಲವೆಂಬುದಕ್ಕಾಗಿ ಇದನ್ನು ಜ್ಞಾಪಿಸಿದೆವು.

ನೂರು ಆಟಗಳ ಮಂಜು

ಶೇಕಡಾ ಒಂದರ ಮೇಲುಗೈ ಎಂದರೇನೆಂದು ಈಗ ಸಾವಧಾನವಾಗಿ ವಿಚಾರಿಸೋಣ. ಲೆಕ್ಕ ಸರಳವಾಗಲೆಂದು, ಎಣಿಕೆಗಾರನಿಗೆ ಪ್ರತಿಯೊಂದು ಆಟದಲ್ಲೂ ಈ ಮೇಲುಗೈ ಇದೆಯೆಂದೂ, ಪ್ರತಿ ಸಲವೂ ಅವನು ಒಂದೇ ಮೊತ್ತದ ಪಣವಿಡುತ್ತಾನೆಂದೂ ಭಾವಿಸೋಣ. ನಿಜಸ್ಥಿತಿ ಇದಕ್ಕಿಂತ ಕಠಿನ. ಬಹಳ ವೇಳೆ ಎಣಿಕೆ ಪ್ರತಿಕೂಲವಾಗಿದ್ದು ಅವನು ಅತ್ಯಲ್ಪ ಪಣವಿಟ್ಟು ಕಾಯುತ್ತ ಕೂರಬೇಕಾಗುತ್ತದೆ.

ನೂರು ಆಟ ಆಡಿದರೆ ಸರಾಸರಿಯಲ್ಲಿ ಒಂದು ಪಣದಷ್ಟು ಲಾಭ. ಇದು ನಿರೀಕ್ಷೆ. ಆದರೆ ಒಂದೊಂದು ಆಟದ ಫಲ ಈ ನೂರರಲ್ಲೊಂದು ಪಣವಲ್ಲ. ಅದು ಇಡೀ ಒಂದು ಪಣದ ಗೆಲವು ಅಥವಾ ಸೋಲು, ಕೆಲವೊಮ್ಮೆ ಒಂದೂವರೆ, ಕೆಲವೊಮ್ಮೆ ಎರಡು. ಫಲಗಳು ಸರಾಸರಿಯಿಂದ ಎಷ್ಟು ದೂರ ಚೆದರುತ್ತವೆಂಬುದನ್ನು ಅಳೆಯಲು ಸಂಖ್ಯಾಶಾಸ್ತ್ರಜ್ಞರು ‘ಮಾನಕ ವಿಚಲನೆ’ ಎಂಬ ಅಳತೆಯನ್ನು ಉಪಯೋಗಿಸುತ್ತಾರೆ. ಬ್ಲ್ಯಾಕ್‌ಜ್ಯಾಕಿನ ಒಂದು ಆಟಕ್ಕೆ ಇದು ಸುಮಾರು ೧.೧೫ ಪಣ. ಆಟಗಳ ಸಂಖ್ಯೆ ಹೆಚ್ಚಿದಂತೆ ನಿರೀಕ್ಷಿತ ಲಾಭ ಆ ಸಂಖ್ಯೆಯ ಪ್ರಮಾಣದಲ್ಲೇ ಬೆಳೆಯುತ್ತದೆ; ವಿಚಲನೆಯಾದರೋ ಸಂಖ್ಯೆಯ ವರ್ಗಮೂಲದ ಪ್ರಮಾಣದಲ್ಲಿ ಮಾತ್ರ ಬೆಳೆಯುತ್ತದೆ. ಈ ಒಂದು ವಾಕ್ಯದಲ್ಲಿ ಎಣಿಕೆಗಾರನ ಸುಖದುಃಖವೆಲ್ಲ ಅಡಗಿದೆ.

ನೂರು ಆಟಗಳ ವರ್ಗಮೂಲ ಹತ್ತು; ವಿಚಲನೆ ಹನ್ನೊಂದೂವರೆ ಪಣ. ನಿರೀಕ್ಷೆ ಒಂದು, ಓಲಾಟ ಹನ್ನೊಂದೂವರೆ! ಮೂರರಲ್ಲಿ ಎರಡು ಪಾಲು ಸಂದರ್ಭಗಳಲ್ಲಿ ಅವನ ಫಲ ಹತ್ತೂವರೆ ಪಣ ನಷ್ಟಕ್ಕೂ ಹನ್ನೆರಡೂವರೆ ಪಣ ಲಾಭಕ್ಕೂ ನಡುವೆ ಎಲ್ಲಿಯಾದರೂ ಬೀಳಬಹುದು. ಇಂಥ ನೂರು ಮಂದಿ ಎಣಿಕೆಗಾರರು ಒಂದು ಸಂಜೆ ನೂರು ನೂರು ಆಟ ಆಡಿ ಎದ್ದರೆ ಅವರಲ್ಲಿ ಸುಮಾರು ನಲವತ್ತಾರು ಮಂದಿ ಸೋತಿರುತ್ತಾರೆ. ಪಕ್ಕದ ಮೇಜಿನಲ್ಲಿ ಶೇಕಡಾ ಒಂದು ಹಿಂದಿರುವ ನೂರು ಮಂದಿ ಅಜ್ಞರು ಆಡಿದ್ದರೆ ಅವರಲ್ಲಿ ಸುಮಾರು ನಲವತ್ತಾರು ಮಂದಿ ಗೆದ್ದಿರುತ್ತಾರೆ. ಒಂದು ಸಂಜೆಯ ಫಲವನ್ನು ನೋಡಿ ಜಾಣನಾರು, ಅಜ್ಞನಾರು ಎಂದು ಹೇಳಬಲ್ಲವರಾರು? ಅಜ್ಞನು ಗೆದ್ದ ಸಂಜೆ ತನ್ನ ಜಾಣತನವನ್ನು ಕೊಂಡಾಡಿಕೊಳ್ಳುತ್ತಾನೆ. ಜಾಣನು ಸೋತ ಸಂಜೆ ತನ್ನ ಗಣಿತವನ್ನೇ ಶಂಕಿಸುತ್ತಾನೆ. ಇಬ್ಬರೂ ತಪ್ಪುತ್ತಾರೆ.

ಹತ್ತು ಸಾವಿರ ಆಟಗಳಾದ ಮೇಲೆ ನಿರೀಕ್ಷೆ ನೂರು ಪಣ, ವಿಚಲನೆ ೧೧೫. ಇನ್ನೂ ನೂರರಲ್ಲಿ ಹತ್ತೊಂಬತ್ತು ಮಂದಿ ನಷ್ಟದಲ್ಲಿದ್ದಾರೆ. ಗಂಟೆಗೆ ಎಂಬತ್ತು ಆಟವೆಂದು ಹಿಡಿದರೆ ಇದು ೧೨೫ ಗಂಟೆಗಳ ದುಡಿಮೆ ಎಂಬುದನ್ನು ಗಮನಿಸಬೇಕು. ನಲವತ್ತು ಸಾವಿರ ಆಟಗಳಲ್ಲಿ, ಎಂದರೆ ೫೦೦ ಗಂಟೆಗಳಲ್ಲಿ, ನಿರೀಕ್ಷೆ ನಾನೂರಕ್ಕೆ ಏರುತ್ತದೆ. ವಿಚಲನೆ ೨೩೦ ಮಾತ್ರ. ಈಗ ನಷ್ಟದಲ್ಲಿರುವವರು ನೂರಕ್ಕೆ ನಾಲ್ವರು. ಮಂಜು ಕರಗಿ ಬೆಟ್ಟ ಕಾಣಿಸಿಕೊಳ್ಳುವುದು ಇಲ್ಲಿ. ಆದರೆ ಇಲ್ಲಿಯವರೆಗೆ ಬರಲು ಎಣಿಕೆಗಾರನ ಕೈಯಲ್ಲಿ ಹಣ ಉಳಿದಿರಬೇಕಷ್ಟೆ. ಹಾಗಾದರೆ ಪಣದ ಗಾತ್ರವೇ ಮುಖ್ಯ ಪ್ರಶ್ನೆಯಾಗುತ್ತದೆ.

ಪಣವೆಷ್ಟಿರಬೇಕು?

ಜೂಜುಗಾರರಿಗೆ ಬಹುಕಾಲದಿಂದ ಪ್ರಿಯವಾದ ಉಪಾಯವೊಂದಿದೆ: ಸೋತಾಗಲೆಲ್ಲ ಪಣವನ್ನು ಇಮ್ಮಡಿಸುವುದು. ಒಂದು, ಎರಡು, ನಾಲ್ಕು, ಎಂಟು ಎಂದು ಹೋದರೆ ಎಂದಾದರೂ ಒಮ್ಮೆ ಗೆದ್ದಾಗ ಹಿಂದಿನ ನಷ್ಟವೆಲ್ಲ ತುಂಬಿ ಒಂದು ಡಾಲರು ಲಾಭ ಬರುತ್ತದೆ. ಮೇಜಿನ ಗರಿಷ್ಠ ಪಣ ಐನೂರೆಂದಿಟ್ಟುಕೊಳ್ಳಿ. ಒಂದರಿಂದ ೨೫೬ರವರೆಗೆ ಒಂಬತ್ತು ಪಣಗಳಾಗುತ್ತವೆ. ಒಂಬತ್ತನ್ನೂ ಸೋತರೆ ಹೋದ ಹಣ ೫೧೧, ಮುಂದಿನ ೫೧೨ನ್ನು ಇಡುವಂತಿಲ್ಲ. ನಿಷ್ಪಕ್ಷಪಾತವಾದ ನಾಣ್ಯದಲ್ಲಿ ಒಂಬತ್ತು ಸತತ ಸೋಲು ಬರುವ ಸಂಭವ ೫೧೨ರಲ್ಲಿ ಒಂದು. ಎಂದರೆ ೫೧೧ ಸಲ ಒಂದೊಂದು ಡಾಲರು ಬರುತ್ತದೆ, ಒಂದು ಸಲ ೫೧೧ ಡಾಲರೂ ಹೋಗುತ್ತದೆ. ಲೆಕ್ಕ ಸೊನ್ನೆಗೆ ಸರಿಹೋಯಿತು! ಆಟ ಸ್ವಲ್ಪ ಪ್ರತಿಕೂಲವಾಗಿದ್ದರೆ ಸೊನ್ನೆಗಿಂತಲೂ ಕೆಳಗೆ. ಪಣವನ್ನು ಹೇಗೆ ಏರಿಳಿಸಿದರೂ ಪ್ರತಿಕೂಲವಾದ ಆಟ ಅನುಕೂಲವಾಗದು.

ಅನುಕೂಲವಾದ ಆಟದಲ್ಲಾದರೋ ಪಣದ ಗಾತ್ರ ಎಲ್ಲವನ್ನೂ ಮಾಡಬಲ್ಲುದು, ಎಲ್ಲವನ್ನೂ ಕೆಡಿಸಬಲ್ಲುದು. ಇದನ್ನು ನೋಡಲು ಬ್ಲ್ಯಾಕ್‌ಜ್ಯಾಕನ್ನು ತುಸು ಬದಿಗಿಟ್ಟು, ನೂರರಲ್ಲಿ ಅರವತ್ತು ಸಲ ನಿಮ್ಮ ಕಡೆಗೇ ಬೀಳುವ ಒಂದು ವಕ್ರ ನಾಣ್ಯವನ್ನು ಕಲ್ಪಿಸಿಕೊಳ್ಳಿರಿ. ಗೆದ್ದರೆ ಪಣದಷ್ಟೇ ಹಣ ಬರುತ್ತದೆ, ಸೋತರೆ ಪಣ ಹೋಗುತ್ತದೆ. ಕೈಯಲ್ಲಿ ನೂರು ರೂಪಾಯಿ ಇದೆ. ಪ್ರತಿ ಸಲವೂ ಕೈಯಲ್ಲಿರುವ ಹಣದ ಒಂದು ಗೊತ್ತಾದ ಭಾಗವನ್ನು ಪಣವಿಡಬೇಕು. ಯಾವ ಭಾಗ?

ಲೋಭಿಯ ಉತ್ತರ: ಎಲ್ಲವನ್ನೂ. ಸರಾಸರಿಯನ್ನೇ ನಂಬಿದರೆ ಈ ಉತ್ತರವೇ ಸರಿ, ಇದೇ ವಿಚಿತ್ರ. ಪ್ರತಿ ಸಲವೂ ಸರ್ವಸ್ವವನ್ನು ಒಡ್ಡಿ ಹತ್ತು ಸಲ ಆಡಿದರೆ ಸರಾಸರಿ ಫಲ ಸುಮಾರು ೬೧೯ ರೂಪಾಯಿ. ಆದರೆ ಹತ್ತನ್ನೂ ಗೆಲ್ಲುವ ಸಂಭವ ಸಾವಿರದಲ್ಲಿ ಆರು ಮಾತ್ರ. ಆ ಆರು ಮಂದಿಯ ಕೈಯಲ್ಲಿ ತಲಾ ೧,೦೨,೪೦೦ ರೂಪಾಯಿ ಇರುತ್ತದೆ. ಉಳಿದ ೯೯೪ ಮಂದಿ ಬರಿಗೈಯವರು. ಸರಾಸರಿಯೆಂಬುದು ಆ ಆರು ಮಂದಿಯ ಐಶ್ವರ್ಯವನ್ನು ಸಾವಿರ ಮಂದಿಗೆ ಹಂಚಿ ತೋರಿಸುವ ಕಾಗದದ ಲೆಕ್ಕ. ಒಬ್ಬನೇ ಮನುಷ್ಯನಿಗೆ ಒಂದೇ ಬಾಳಿನಲ್ಲಿ ಅದರಿಂದೇನು ಪ್ರಯೋಜನ? ಒಂದರ ಮೇಲೊಂದರಂತೆ ಸರ್ವಸ್ವವನ್ನೂ ಒಡ್ಡುತ್ತ ಹೋದ ಧರ್ಮರಾಯನ ಸ್ಥಿತಿ ದಾಳಗಳು ಪ್ರಾಮಾಣಿಕವಾಗಿದ್ದರೂ ಬಹುಮಟ್ಟಿಗೆ ಅದೇ ಆಗುತ್ತಿತ್ತು.

ಅರ್ಧವನ್ನು ಒಡ್ಡಿದರೆ? ಹತ್ತು ಸಲದಲ್ಲಿ ನ್ಯಾಯವಾಗಿ ಬರಬೇಕಾದ ಆರು ಗೆಲವು, ನಾಲ್ಕು ಸೋಲುಗಳೇ ಬಂದುವೆನ್ನಿ. ಪ್ರತಿ ಗೆಲವೂ ಹಣವನ್ನು ೧.೫ರಿಂದ ಗುಣಿಸುತ್ತದೆ, ಪ್ರತಿ ಸೋಲೂ ೦.೫ರಿಂದ. ಕ್ರಮ ಹೇಗಿದ್ದರೂ ಗುಣಲಬ್ಧ ಒಂದೇ. ಆರು ಸಲ ೧.೫ನ್ನೂ ನಾಲ್ಕು ಸಲ ೦.೫ನ್ನೂ ಗುಣಿಸಿ ನೋಡಿರಿ: ೦.೭೧೨. ನೂರು ರೂಪಾಯಿ ೭೧ ರೂಪಾಯಿಗೆ ಇಳಿಯಿತು! ಆಟ ನಿಮ್ಮ ಕಡೆಗಿದೆ, ಗೆಲವುಗಳು ಸೋಲುಗಳಿಗಿಂತ ಹೆಚ್ಚು, ಅದೃಷ್ಟವೂ ಮೋಸ ಮಾಡಲಿಲ್ಲ. ಆದರೂ ನೀವು ಸೋತಿರಿ. ನೂರು ಸಲ ಹೀಗೆಯೇ ಆಡಿದರೆ ಕೊನೆಗೆ ಉಳಿಯುವುದು ಮೂರು ರೂಪಾಯಿ ಚಿಲ್ಲರೆ. ಗುಟ್ಟು ಸರಳ: ಅರ್ಧ ಕಳೆದುಕೊಂಡವನು ಮೊದಲಿನಂತಾಗಲು ಅರ್ಧ ಗಳಿಸಿದರೆ ಸಾಲದು, ಇಮ್ಮಡಿ ಗಳಿಸಬೇಕು.

ಶೇಕಡಾ ನಲವತ್ತನ್ನು ಒಡ್ಡಿದರೂ ಹತ್ತು ಸಲದ ಕೊನೆಗೆ ೯೭ ರೂಪಾಯಿ ೫೮ ಪೈಸೆ, ಇಲ್ಲಿಯೂ ನಷ್ಟವೇ. ಶೇಕಡಾ ಹತ್ತಾದರೆ ೧೧೬ ರೂಪಾಯಿ. ಶೇಕಡಾ ಇಪ್ಪತ್ತಾದರೆ ೧೨೨. ಇಪ್ಪತ್ತರಿಂದ ಯಾವ ಕಡೆಗೆ ಸರಿದರೂ ಫಲ ಇಳಿಯುತ್ತದೆ. ನೂರು ಸಲ ಆಡಿದರೆ ಶೇಕಡಾ ಇಪ್ಪತ್ತರವನ ನೂರು ರೂಪಾಯಿ ಸುಮಾರು ೭೫೦ ಆಗುತ್ತದೆ. ಶೇಕಡಾ ಹತ್ತರವನದು ೪೫೦. ಶೇಕಡಾ ನಲವತ್ತರವನದು ೭೮. ವಿದ್ಯಾರ್ಥಿಗಳು ಲಘುಗಣಕದ ಕೋಷ್ಟಕವನ್ನು ಹಿಡಿದು ಈ ಅಂಕಿಗಳನ್ನು ತಾವೇ ತಾಳೆ ನೋಡಬಹುದು.

ಈ ಇಪ್ಪತ್ತು ಎಲ್ಲಿಂದ ಬಂದಿತು? ಗೆಲ್ಲುವ ಸಂಭವ ೬೦, ಸೋಲುವ ಸಂಭವ ೪೦. ಎರಡರ ವ್ಯತ್ಯಾಸ ೨೦. ಸಮಾನ ಹಣದ ಪಂದ್ಯದಲ್ಲಿ ನಿಮ್ಮ ಮೇಲುಗೈ ಬಂಡವಾಳದ ಎಷ್ಟನೆಯ ಭಾಗವೋ ಅಷ್ಟೇ ಪಣ. ಈ ಸೂತ್ರವನ್ನು ೧೯೫೬ರಲ್ಲಿ ಪ್ರಕಟಿಸಿದವರು ಬೆಲ್ ದೂರವಾಣಿ ಸಂಶೋಧನಾಲಯದ ಜಾನ್ ಕೆಲ್ಲಿ. ಟೆಕ್ಸಾಸಿನಲ್ಲಿ ೧೯೨೩ರಲ್ಲಿ ಹುಟ್ಟಿ, ಯುದ್ಧಕಾಲದಲ್ಲಿ ನೌಕಾಬಲದ ವಿಮಾನಚಾಲಕರಾಗಿದ್ದ ಇವರು ನಲವತ್ತೊಂದನೆಯ ವಯಸ್ಸಿನಲ್ಲೇ, ೧೯೬೫ರಲ್ಲಿ, ತೀರಿಕೊಂಡರು. ಗಣಕಯಂತ್ರದಿಂದ ಹಾಡು ಹಾಡಿಸಿದ ಮೊದಲಿಗರಲ್ಲಿಯೂ ಅವರೊಬ್ಬರು. ಅವರ ಲೇಖನದ ವಿಷಯ ಜೂಜಲ್ಲ. ಸದ್ದುಗದ್ದಲಗಳಿರುವ ತಂತಿಯ ಮೂಲಕ ಎಷ್ಟು ಸಮಾಚಾರವನ್ನು ಕಳುಹಿಸಬಹುದೆಂಬ, ಕ್ಲಾಡ್ ಶ್ಯಾನನ್ನರು ೧೯೪೮ರಲ್ಲಿ ಬಿಡಿಸಿದ್ದ ಸಮಸ್ಯೆಗೆ ಹೊಸ ಅರ್ಥ ಹಚ್ಚುವುದು. ಪಂದ್ಯದ ಫಲವನ್ನು ಮುಂಚಿತವಾಗಿ, ಆದರೆ ಆಗಾಗ ತಪ್ಪಾಗಿ, ತಿಳಿಸುವ ಒಂದು ತಂತಿ ಜೂಜುಗಾರನಿಗೆ ದೊರೆತಿದೆಯೆಂದು ಅವರು ಕಲ್ಪಿಸಿದರು. ಅವನ ಹಣ ಅತಿ ಶೀಘ್ರವಾಗಿ ಬೆಳೆಯುವ ವೇಗ ಆ ತಂತಿ ಹೊರಬಲ್ಲ ಸಮಾಚಾರದ ಅಳತೆಗೆ ಸರಿಯಾಗಿ ಸಮನೆಂದು ಲೆಕ್ಕ ತೋರಿಸಿತು. ತಂತಿಯ ಗಣಿತವೂ ಪಣದ ಗಣಿತವೂ ಒಂದೇ ಆಗಿಹೋದುದು ಆ ಶತಮಾನದ ಸೊಗಸಾದ ಆಕಸ್ಮಿಕಗಳಲ್ಲೊಂದೆಂದು ನಮ್ಮ ಭಾವನೆ. ಹಣದ ಬೆಲೆಯನ್ನು ಲಘುಗಣಕದಿಂದ ಅಳೆಯಬೇಕೆಂದು ಡೇನಿಯಲ್ ಬರ್ನೂಲಿ ೧೭೩೮ರಲ್ಲೇ ಹೇಳಿದ್ದನು. ಕೆಲ್ಲಿಯವರು ಬೇರೆ ದಾರಿಯಿಂದ ಅದೇ ಊರಿಗೆ ಬಂದರು. ಈ ಸೂತ್ರವನ್ನು ಥಾರ್ಪರಿಗೆ ತೋರಿಸಿದವರು ಸ್ವತಃ ಶ್ಯಾನನ್ನರೇ.

ಮರಳಿ ಮೇಜಿಗೆ

ಈಗ ಬ್ಲ್ಯಾಕ್‌ಜ್ಯಾಕಿಗೆ ಮರಳೋಣ. ಇಲ್ಲಿ ಗೆಲವು ಸೋಲುಗಳು ಸರಿಯಾಗಿ ಒಂದೊಂದು ಪಣವಲ್ಲವಾದುದರಿಂದ ಮೇಲುಗೈಯನ್ನು ವಿಚಲನೆಯ ವರ್ಗದಿಂದ, ಎಂದರೆ ಸುಮಾರು ೧.೩ರಿಂದ, ಭಾಗಿಸಬೇಕು. ಶೇಕಡಾ ಒಂದರ ಮೇಲುಗೈಗೆ ಪಣ ಬಂಡವಾಳದ ಶೇಕಡಾ ೦.೭೭. ಹತ್ತು ಸಾವಿರ ಡಾಲರುಳ್ಳವನು ಎಪ್ಪತ್ತೇಳು ಡಾಲರನ್ನು ಒಡ್ಡಬೇಕು. ಎಣಿಕೆ ಇನ್ನೂ ಏರಿ ಮೇಲುಗೈ ಶೇಕಡಾ ಎರಡಾದರೆ ಪಣವೂ ಇಮ್ಮಡಿ. ಎಣಿಕೆ ಇಳಿದರೆ ಮೇಜಿನ ಕನಿಷ್ಠ ಪಣ, ಇಲ್ಲವೆ ಎದ್ದು ಹೋಗುವುದು. ಬಂಡವಾಳ ಕರಗಿದರೆ ಪಣವೂ ಕರಗಬೇಕು. ಥಾರ್ಪರ ಹತ್ತು ಸಾವಿರಕ್ಕೆ ಐವತ್ತು, ನೂರು, ಎಣಿಕೆ ಬಹಳ ಒಳ್ಳೆಯದಾದಾಗ ಐನೂರು ಎಂಬ ಪಣಗಳು ಜಿಪುಣತನವಲ್ಲ, ಸೂತ್ರದ ಅಪ್ಪಣೆ.

ಆದರೂ ಕೆಲ್ಲಿಯವರ ಸೂತ್ರದಂತೆ ನಡೆಯುವ ದಾರಿ ಮೆತ್ತನೆಯದೆಂದು ಯಾರೂ ಭ್ರಮಿಸಬಾರದು. ಪೂರ್ತಿ ಸೂತ್ರದಂತೆ ಪಣವಿಡುವವನ ಹಣ ಎಂದಾದರೂ 
ಒಮ್ಮೆ ಆರಂಭದ ಅರ್ಧಕ್ಕೆ ಕುಸಿಯುವ ಸಂಭವ ಅರ್ಧ. ಕಾಲುಭಾಗಕ್ಕೆ ಕುಸಿಯುವ ಸಂಭವ ಕಾಲು. ಹತ್ತರಲ್ಲೊಂದಕ್ಕೆ ಕುಸಿಯುವುದು ಹತ್ತು ಮಂದಿಯಲ್ಲಿ ಒಬ್ಬನಿಗೆ ಕಟ್ಟಿಟ್ಟದ್ದು. ಸೂತ್ರದ ಅರ್ಧದಷ್ಟೇ ಪಣವಿಟ್ಟರೆ ಬೆಳವಣಿಗೆಯ ವೇಗದಲ್ಲಿ ಕಾಲುಭಾಗ ನಷ್ಟ, ಮುಕ್ಕಾಲು ಉಳಿಯುತ್ತದೆ. ಅರ್ಧಕ್ಕೆ ಕುಸಿಯುವ ಸಂಭವವಾದರೋ ಎರಡರಲ್ಲಿ ಒಂದರಿಂದ ಎಂಟರಲ್ಲಿ ಒಂದಕ್ಕೆ ಇಳಿಯುತ್ತದೆ. ಇಂಥ ಅಗ್ಗದ ವ್ಯಾಪಾರ ಬೇರೆಲ್ಲಿಯೂ ಸಿಕ್ಕದು. ಅನುಭವಿಗಳಾದ ಎಣಿಕೆಗಾರರು ಅರ್ಧ ಅಥವಾ ಅದಕ್ಕೂ ಕಡಮೆಯನ್ನೇ ಆರಿಸಿಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಮೇಜಿನ ಮುಂದೆ ಕುಳಿತವನಿಗೆ ತನ್ನ ನಿಜವಾದ ಮೇಲುಗೈ ಎಷ್ಟೆಂಬುದು ಖಚಿತವಾಗಿ ತಿಳಿದಿರುವುದಿಲ್ಲ. ಗಂಟೆಗೆ ನಾಲ್ಕಾರು ತಪ್ಪು ಎಣಿಕೆಗಳು ಅದರ ಬಹುಭಾಗವನ್ನು ತಿಂದುಹಾಕಬಲ್ಲುವು. ಶೇಕಡಾ ಒಂದೆಂದು ಭಾವಿಸಿದ್ದು ನಿಜವಾಗಿ ಅರ್ಧವೇ ಆಗಿದ್ದರೆ, ಅವನು ಸೂತ್ರದ ಇಮ್ಮಡಿ ಪಣವಿಡುತ್ತಿದ್ದಾನೆಂದಾಯಿತು. ಇಮ್ಮಡಿಯಲ್ಲಿ ಬೆಳವಣಿಗೆ ಏನೂ ಉಳಿಯುವುದಿಲ್ಲ. ವಕ್ರ ನಾಣ್ಯಕ್ಕೆ ಶೇಕಡಾ ನಲವತ್ತನ್ನು ಒಡ್ಡಿದವನ ಪಾಡನ್ನು ನೋಡಿಯೇ ಇದ್ದೇವೆ.

೧೯೬೧ರ ಆ ಪ್ರಯೋಗದಲ್ಲಿ ಮೂವತ್ತು ಗಂಟೆಗಳ ಆಟದಿಂದ ಹತ್ತು ಸಾವಿರ ಡಾಲರು ಇಪ್ಪತ್ತೊಂದು ಸಾವಿರವಾಯಿತು. ಪತ್ರಿಕೆಗಳು ಇದನ್ನು ಗಣಿತದ ದಿಗ್ವಿಜಯವೆಂದು ಹೊಗಳಿದುವು. ನಾವು ಇಲ್ಲಿ ಸ್ವಲ್ಪ ತಡೆಯಬೇಕು. ಮೂವತ್ತು ಗಂಟೆಗಳೆಂದರೆ ಎರಡು ಮೂರು ಸಾವಿರ ಆಟಗಳಷ್ಟೆ. ಅಷ್ಟರಲ್ಲಿ ಅದೃಷ್ಟದ ಪಾಲು ಸಣ್ಣದೇನಲ್ಲ. ಸೋತೇ ಬಂದಿದ್ದರೂ ಥಾರ್ಪರ ಲೆಕ್ಕದಲ್ಲಿ ಒಂದಂಕಿಯೂ ಸುಳ್ಳಾಗುತ್ತಿರಲಿಲ್ಲ. ಆದರೆ ಅದನ್ನು ನಂಬುವವರು ಎಷ್ಟು ಮಂದಿ ಉಳಿಯುತ್ತಿದ್ದರೋ!

ಜೂಜುಗೃಹಗಳು ಸುಮ್ಮನಿರಲಿಲ್ಲ. ೧೯೬೪ರ ಏಪ್ರಿಲ್ ಒಂದರಂದು ಲಾಸ್ ವೇಗಸ್ಸಿನವರು ಆಟದ ಕಟ್ಟಳೆಗಳನ್ನೇ ಬಿಗಿಗೊಳಿಸಿದರು. ಸಾಮಾನ್ಯ ಗಿರಾಕಿಗಳು ಮೇಜು ಬಿಟ್ಟು ಎದ್ದರು. ಕೆಲವೇ ವಾರಗಳಲ್ಲಿ ಹಳೆಯ ಕಟ್ಟಳೆಗಳು ಮರಳಿ ಬಂದುವು. ಆಮೇಲೆ ಒಂದು ಕಟ್ಟಿನ ಬದಲು ನಾಲ್ಕು, ಆರು, ಎಂಟು ಕಟ್ಟುಗಳನ್ನು ಬೆರೆಸುವುದು, ಕಟ್ಟು ಮುಗಿಯುವ ಬಹಳ ಮುಂಚೆಯೇ ಕಲಸಿಬಿಡುವುದು ರೂಢಿಯಾಯಿತು. ಎಣಿಸುವವರೆಂದು ಅನುಮಾನ ಬಂದವರನ್ನು ಹೊರಗೆ ಕಳುಹಿಸುವುದೂ ಉಂಟು. ಹಾಗೆ ಹೊರಹಾಕುವ ಅಧಿಕಾರ ಅಟ್ಲಾಂಟಿಕ್ ಸಿಟಿಯ ಜೂಜುಗೃಹಗಳಿಗಿಲ್ಲವೆಂದು ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯ ೧೯೮೨ರಲ್ಲಿ ಕೆನ್ ಆಸ್ಟನ್ನರ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಇತ್ತೀಚೆಗೆ ಅನೇಕ ಮೇಜುಗಳಲ್ಲಿ ಬ್ಲ್ಯಾಕ್‌ಜ್ಯಾಕಿಗೆ ಪಣದ ಒಂದೂವರೆಯಷ್ಟು ಕೊಡುವ ಬದಲು ಒಂದೂ ಐದನೆಯ ಒಂದರಷ್ಟು ಮಾತ್ರ ಕೊಡುತ್ತಾರೆ. ಬ್ಲ್ಯಾಕ್‌ಜ್ಯಾಕ್ ಬರುವುದು ಸುಮಾರು ಇಪ್ಪತ್ತೊಂದು ಆಟಗಳಿಗೊಮ್ಮೆ; ಈ ಸಣ್ಣ ಕಡಿತ ಆಟಗಾರನಿಂದ ಶೇಕಡಾ ಒಂದನ್ನು ಮೀರಿ ಕಿತ್ತುಕೊಳ್ಳುತ್ತದೆಂಬುದನ್ನು ಓದುಗರು ಈಗ ತಾವೇ ಲೆಕ್ಕ ಮಾಡಬಲ್ಲರು. ಎಣಿಕೆಗಾರನು ಬೆವರು ಸುರಿಸಿ ಪಡೆದ ಮೇಲುಗೈಗೆ ಇದೊಂದೇ ಸಾಕು.

ಎಣಿಕೆಗಾರರ ಕಡೆಯಿಂದ ಬಂದ ಜಾಣ ಉತ್ತರವೆಂದರೆ ತಂಡ ಕಟ್ಟುವುದು. ೧೯೭೦ರ ದಶಕದ ಆರಂಭದಲ್ಲಿ ಆಲ್ ಫ್ರಾನ್ಸೆಸ್ಕೊ ಎಂಬವರು ಇದನ್ನು ರೂಪಿಸಿದರು. ಹಲವರು ಬೇರೆ ಬೇರೆ ಮೇಜುಗಳಲ್ಲಿ ಅಲ್ಪ ಪಣವಿಟ್ಟು ಎಣಿಸುತ್ತ ಕೂರುತ್ತಾರೆ. ಎಣಿಕೆ ಏರಿದ ಮೇಜಿನಿಂದ ಸಂಜ್ಞೆ ಹೋದಾಗ ದೊಡ್ಡ ಪಣದವನು ಅಲ್ಲಿಗೆ ಬರುತ್ತಾನೆ. ತಂಡದ ಬಲ ಈ ವೇಷದಲ್ಲಿ ಮಾತ್ರವಿಲ್ಲ. ಸಾವಿರ ಸಾವಿರ ಡಾಲರುಳ್ಳ ಹತ್ತು ಮಂದಿ ಪ್ರತ್ಯೇಕವಾಗಿ ಆಡಿದರೆ ಶೇಕಡಾ ಒಂದರ ಮೇಲುಗೈಗೆ ಒಬ್ಬೊಬ್ಬನ ಪಣ ಏಳು ಡಾಲರು ಎಪ್ಪತ್ತು ಸೆಂಟು. ಹಣವನ್ನು ಒಂದೇ ಗಂಟಾಗಿ ಕಟ್ಟಿ, ಲಾಭನಷ್ಟಗಳನ್ನು ಹಂಚಿಕೊಳ್ಳುವ ಒಪ್ಪಂದದಿಂದ ಬೇರೆ ಬೇರೆ ಮೇಜುಗಳಲ್ಲಿ ಕುಳಿತರೆ ಪ್ರತಿಯೊಬ್ಬನೂ ಎಪ್ಪತ್ತೇಳು ಡಾಲರನ್ನು ಒಡ್ಡಬಹುದು, ಅಪಾಯ ಮೊದಲಿನಷ್ಟೇ. ಒಬ್ಬನಿಗೆ ಐನೂರು ಗಂಟೆ ಬೇಕಾಗಿದ್ದ ನಲವತ್ತು ಸಾವಿರ ಆಟಗಳು ಹತ್ತು ಮಂದಿಗೆ ಐವತ್ತು ಗಂಟೆಗಳಲ್ಲಿ, ಎಂದರೆ ಒಂದು ವಾರದ ದುಡಿಮೆಯಲ್ಲಿ, ಮುಗಿಯುತ್ತವೆ.